ಜಾತ್ರೆಯಲ್ಲಿ ಕೊಂಡ ಕುದುರೆ ಗಬ್ಬ ಅಂತ ಈಗ ಗೊತ್ತಾಯಿತು, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮದು ಕೊಳ್ಳೇಗಾಲದ ಹತ್ತಿರ ಹಳ್ಳಿ. ಮನೆಯಲ್ಲಿ ನಾಲ್ಕು ಹಸು ಇವೆ. ಹೋದ ಆಗಸ್ಟ್ 10ರ ಸುಮಾರಿಗೆ ಅಂತಿಯೂರು ಜಾತ್ರೆಯಲ್ಲಿ ಮಗಳ ಸವಾರಿಗೆಂದು ಒಂದು ಮಾರ್ವಾರಿ ಹೆಣ್ಣು ಕುದುರೆ ತಂದೆವು. ಆರು ವರ್ಷದ್ದು, ಖಾಲಿ ಇದೆ ಅಂತ ಹೇಳಿ ಮಾರಿದರು. ಈಗ ಫೆಬ್ರವರಿ ಕೊನೆ. ಎರಡು ತಿಂಗಳಿಂದ ಹೊಟ್ಟೆ ದಪ್ಪ ಆಗುತ್ತಾ ಬಂತು, ನಮ್ಮ ಮೇವು ಹಿಡಿಸಿದೆ ಅಂದುಕೊಂಡೆವು. ಹೋದ ವಾರ ನೋಡಿದರೆ ಕೆಚ್ಚಲು ಊದಿದೆ. ಗಬ್ಬವೇ ಇರಬಹುದಾ? ಯಾವಾಗ ಮರಿ ಹಾಕುತ್ತದೆ? ನವೆಂಬರಿನಲ್ಲಿ ಜಂತುಹುಳದ ಔಷಧಿ ಕೊಟ್ಟಿದ್ದೇವೆ, ಮಗಳು ಹೋದ ತಿಂಗಳವರೆಗೂ ಸವಾರಿ ಮಾಡಿದ್ದಾಳೆ. ತೊಂದರೆ ಆಗಿರುತ್ತದಾ? ಹಸು ಕರು ಹಾಕಿಸಿ ನಮಗೆ ಅಭ್ಯಾಸ ಇದೆ, ಅಷ್ಟು ಸಾಕಲ್ವಾ? ಮಾರಿದವನಿಗೆ ಫೋನ್ ಮಾಡಿ ಜಗಳ ತೆಗೆಯಲಾ?

ಉತ್ತರ: ಜಗಳ ಬೇಡ, ಆದರೆ ಫೋನ್ ಇವತ್ತೇ ಮಾಡಿ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಇನ್ನೊಂದು ಮಾತು. "ಹಸು ಕರು ಹಾಕಿಸಿ ಅಭ್ಯಾಸ ಇದೆ, ಸಾಕಲ್ವಾ" ಅಂದಿದ್ದೀರಿ. ಇಷ್ಟು ವರ್ಷ ಕುದುರೆಗಳ ಜೊತೆ ಕಳೆದ ಮೇಲೆ ಹೇಳುತ್ತೇನೆ ಕೇಳಿ. ಏನೂ ಗೊತ್ತಿಲ್ಲದವರು ಹೆದರಿ ಬೇಗ ಡಾಕ್ಟರನ್ನು ಕರೆಯುತ್ತಾರೆ. ಹಸು ಚೆನ್ನಾಗಿ ಸಾಕಿದವರು ಕಾಯುತ್ತಾರೆ. ಅವರ ಕೈ ಪಳಗಿರುತ್ತದೆ, ಧೈರ್ಯವೂ ಇರುತ್ತದೆ. ಗಡಿಯಾರ ಮಾತ್ರ ಹಸುವಿನದೇ ಇರುತ್ತದೆ. ಹಾಗಾಗಿ ಈ ಉತ್ತರದ ಉದ್ದಕ್ಕೂ ಹಸುವಿಗೂ ಕುದುರೆಗೂ ಎಲ್ಲೆಲ್ಲಿ ಲೆಕ್ಕ ಬೇರೆ ಆಗುತ್ತದೆ ಅಂತಲೇ ಹೇಳುತ್ತಾ ಹೋಗುತ್ತೇನೆ.

ಮೊದಲು ದಿನದ ಲೆಕ್ಕ. ಹಸುವಿಗೆ ಒಂಬತ್ತು ತಿಂಗಳು, ಕುದುರೆಗೆ ಹನ್ನೊಂದು. ಸರಾಸರಿ 340 ದಿನ ಅಂತ ಇಟ್ಟುಕೊಳ್ಳಿ. ಆದರೆ ಕುದುರೆ ಹಸುವಿನಷ್ಟು ಲೆಕ್ಕಕ್ಕೆ ಸಿಗುವ ಪ್ರಾಣಿ ಅಲ್ಲ. 320 ದಿನಕ್ಕೆ ಹಾಕಿದ್ದೂ ಇದೆ, 365 ದಿನಕ್ಕೆ ಆರೋಗ್ಯವಾದ ಮರಿ ಹಾಕಿದ್ದೂ ಇದೆ. ನಿಮ್ಮ ಮನೆಗೆ ಬಂದ ಮೇಲೆ ಗಂಡು ಕುದುರೆ ಹತ್ತಿರ ಸುಳಿದಿಲ್ಲ ಅಂತಾದರೆ, ಆಗಸ್ಟ್ 10ಕ್ಕೆ ಮುಂಚೆಯೇ ಗಬ್ಬ ಕಟ್ಟಿರಬೇಕು. ಅಂದರೆ ಸರಾಸರಿ ಲೆಕ್ಕದಲ್ಲಿ ಜುಲೈ ಮಧ್ಯದೊಳಗೆ, 365 ದಿನ ತೆಗೆದುಕೊಂಡರೂ ಆಗಸ್ಟ್ 10ರೊಳಗೆ ಮರಿ ಹಾಕಬೇಕು. ಅದು ಕೊನೆಯ ಗಡುವು. ಕೆಚ್ಚಲು ತುಂಬಲು ಶುರುವಾಗಿರುವುದು ನಿಜವಾದರೆ ಅಷ್ಟು ದಿನ ಇಲ್ಲ. ಸಾಮಾನ್ಯವಾಗಿ ಮರಿ ಹಾಕುವ ಎರಡರಿಂದ ಆರು ವಾರ ಮುಂಚೆ ಕೆಚ್ಚಲು ತುಂಬಲು ಶುರುವಾಗುತ್ತದೆ. ಹಾಗೆ ನೋಡಿದರೆ ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದೊಳಗೆ ಅಂತ ನನ್ನ ಅಂದಾಜು.

ಇದನ್ನೇ ಹಿಂದಕ್ಕೆ ಎಣಿಸಿ. ಹೋದ ವರ್ಷ ಏಪ್ರಿಲ್‌ನಲ್ಲೋ ಮೇನಲ್ಲೋ ಗಬ್ಬ ಕಟ್ಟಿದೆ. ಜಾತ್ರೆಯ ಹೊತ್ತಿಗೆ ಮೂರು ನಾಲ್ಕು ತಿಂಗಳು. ಆ ಹಂತದಲ್ಲಿ ಹೊರಗಿನಿಂದ ನೋಡಿ ನಾನೂ ಹೇಳಲಾರೆ. ಹೊಟ್ಟೆಯೊಳಗಿನ ಮರಿ ತನ್ನ ತೂಕದ ಅರ್ಧಕ್ಕಿಂತ ಜಾಸ್ತಿ ಬೆಳೆಯುವುದೇ ಕೊನೆಯ ಮೂರು ತಿಂಗಳಲ್ಲಿ. ಹಾಗಾಗಿ ಮಾರಿದವನು ಸುಳ್ಳು ಹೇಳಿರಬಹುದು, ಅವನಿಗೇ ಗೊತ್ತಿಲ್ಲದೆಯೂ ಇರಬಹುದು. ಜಾತ್ರೆಗೆ ಬರುವ ಕುದುರೆಗಳು ಎರಡು ಮೂರು ಕೈ ಬದಲಾಗಿ ಬಂದಿರುತ್ತವೆ. ಎಮ್ಮೆ ನೀರಿನಲ್ಲಿದ್ದಾಗಲೇ ವ್ಯಾಪಾರ ಅನ್ನೋ ಗಾದೆ ಕುದುರೆಗೂ ಸಲ್ಲುತ್ತದೆ. ಮುಂದಿನ ಸಲ ಹೆಣ್ಣು ಕುದುರೆ ಕೊಳ್ಳುವಾಗ ಸ್ಕ್ಯಾನ್ ಮಾಡಿಸಿ ಕೊಳ್ಳಿ, ಅಷ್ಟೇ.

ಫೋನ್ ಮಾಡಿ ಅಂದೆನಲ್ಲ, ಮಾಹಿತಿಗಾಗಿ. ಸಮಾಧಾನದಿಂದ ಕೇಳಿ. ಈ ಕುದುರೆ ಮುಂಚೆ ಮರಿ ಹಾಕಿದೆಯಾ? ಆಗ ಏನಾದರೂ ತೊಂದರೆ ಆಗಿತ್ತಾ? ಧನುರ್ವಾಯು ಚುಚ್ಚುಮದ್ದು ಯಾವಾಗ ಹಾಕಿಸಿದ್ದರು? ಜೊತೆಯಲ್ಲಿ ಗಂಡು ಕುದುರೆ ಇತ್ತಾ? ಒಂದೂವರೆ ವರ್ಷದ ಮರಿಗುದುರೆಯೂ ಗಬ್ಬ ಮಾಡಬಲ್ಲದು, "ಅದು ಚಿಕ್ಕದು" ಅನ್ನೋ ಮಾತು ನಂಬಬೇಡಿ. ಕೊನೆಗೆ ಒಂದು ಮುಜುಗರದ ಪ್ರಶ್ನೆ: ಜೊತೆಯಲ್ಲಿ ಕತ್ತೆ ಮೇಯುತ್ತಿತ್ತಾ? ನಗಬೇಡಿ. ಗಂಡು ಕತ್ತೆಯಿಂದ ಆಗಿದ್ದರೆ ಹುಟ್ಟುವುದು ಹೇಸರಗತ್ತೆ. ಹೇಸರಗತ್ತೆ ಮರಿಗಳಲ್ಲಿ, ತಾಯಿಯ ಗಿಣ್ಣು ಹಾಲೇ ಮರಿಯ ರಕ್ತವನ್ನು ಒಡೆದು ಕಾಮಾಲೆ ಬರಿಸುವ ತೊಂದರೆ ಕುದುರೆ ಮರಿಗಳಿಗಿಂತ ಜಾಸ್ತಿ. ಡಾಕ್ಟರಿಗೆ ಮುಂಚೆಯೇ ಗೊತ್ತಿದ್ದರೆ ಮೊದಲ ಹಾಲು ಕುಡಿಸುವ ಮೊದಲೇ ಪರೀಕ್ಷೆ ಮಾಡಬಹುದು.

ಇನ್ನು ಗಬ್ಬ ಹೌದೋ ಅಲ್ಲವೋ ಅಂತ ಖಚಿತ ಮಾಡಿಕೊಳ್ಳುವುದು. ದಪ್ಪ ಹೊಟ್ಟೆ ಒಂದನ್ನೇ ನಂಬಬೇಡಿ. ಬರೀ ಒಣಹುಲ್ಲು ತಿಂದ ಹೊಟ್ಟೆಯೂ ಜೋತಾಡುತ್ತದೆ, ಜಂತುಹುಳದ ಹೊಟ್ಟೆಯೂ ದಪ್ಪ ಕಾಣುತ್ತದೆ. ಬೆಳಗ್ಗೆ ತಣ್ಣೀರು ಕುಡಿದ ಮೇಲೆ ಪಕ್ಕೆಯ ಕೆಳಗೆ, ಹಿಂಗಾಲಿನ ಮುಂದೆ ಹತ್ತು ನಿಮಿಷ ಕಣ್ಣಿಟ್ಟು ನೋಡಿ. ಕೊನೆಯ ತಿಂಗಳುಗಳಲ್ಲಿ ಒಳಗಿನ ಮರಿ ಒದೆಯುವುದು ಚರ್ಮದ ಮೇಲೇ ಕಾಣುತ್ತದೆ. ಕಾಣದಿದ್ದರೆ ಇಲ್ಲ ಅಂತ ಅರ್ಥವಲ್ಲ. ಕಂಡರೆ ಅನುಮಾನ ಬೇಡ.

ಡಾಕ್ಟರ್ ಬಂದು ನೋಡಲೇಬೇಕು. ಇಲ್ಲಿ ಹಸುವಿನ ಅಭ್ಯಾಸದ ಮೊದಲ ಅಪಾಯ ಬರುತ್ತದೆ. ಊರಿನ ಪಶುವೈದ್ಯರು ದಿನಾ ಹತ್ತಾರು ಹಸುಗಳಿಗೆ ಹಿಂದಿನಿಂದ ಕೈ ಹಾಕಿ ಗಬ್ಬ ನೋಡುತ್ತಾರೆ. ಕುದುರೆಯ ಗುದನಾಳ ಅಷ್ಟು ಗಟ್ಟಿ ಇಲ್ಲ. ಕುದುರೆ ಮುಕ್ಕಿದಾಗ ಕೈಯನ್ನು ಎದುರು ಒತ್ತಿದರೆ ಹರಿದುಹೋಗುತ್ತದೆ. ಹಾಗೆ ಹರಿದರೆ ಬಹಳ ಸಲ ಕುದುರೆ ಉಳಿಯುವುದಿಲ್ಲ. ಹಾಗಾಗಿ ಕುದುರೆ ನೋಡಿ ಅಭ್ಯಾಸ ಇರುವವರನ್ನೇ ಕರೆಸಿ. ಮೈಸೂರಿನಲ್ಲಿ ರೇಸ್ ಕುದುರೆಗಳನ್ನು ನೋಡುವ ಡಾಕ್ಟರುಗಳು ಸಿಗುತ್ತಾರೆ. ದೊಡ್ಡ ತೊಂದರೆ ಬಂದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ. ಸರ್ಕಾರದ ಪಶು ಸಂಜೀವಿನಿ ಆಂಬುಲೆನ್ಸಿಗೆ 1962ಕ್ಕೆ ಕರೆ ಮಾಡಬಹುದು. ಮೂರೂ ದಾರಿ ಈಗಲೇ ವಿಚಾರಿಸಿಟ್ಟುಕೊಳ್ಳಿ. ಮಧ್ಯರಾತ್ರಿ ಎರಡು ಗಂಟೆಗೆ ಹೊಸಬರ ಪರಿಚಯ ಮಾಡಿಕೊಳ್ಳಲು ಆಗುವುದಿಲ್ಲ.

ಅದೇ ಭೇಟಿಯಲ್ಲಿ ಇನ್ನೊಂದು ಕೆಲಸ ಮುಗಿಸಿ. ಕೊಳ್ಳುವಾಗ ಗ್ಲ್ಯಾಂಡರ್ಸ್ ರೋಗದ ರಕ್ತ ಪರೀಕ್ಷೆಯ ಕಾಗದ ಕೊಟ್ಟಿದ್ದರಾ? ಇಲ್ಲದಿದ್ದರೆ ರಕ್ತ ತೆಗೆಸಿ ಕಳಿಸಿ. ಇದು ಮನುಷ್ಯರಿಗೂ ಅಂಟುವ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಇದರ ಪರೀಕ್ಷೆ ನಡೆಯುತ್ತದೆ. ಮರಿ ಹಾಕುವಾಗ ನಿಮ್ಮ ಕೈ ರಕ್ತ, ನೀರು ಎಲ್ಲ ಮುಟ್ಟುತ್ತದೆ. ಅದಕ್ಕೇ ಹೇಳಿದ್ದು.

ಆಗಿಹೋದದ್ದರ ಬಗ್ಗೆ ಚಿಂತೆ ಬಿಡಿ. ನೀವು ಕೊಟ್ಟ ಜಂತುಹುಳದ ಔಷಧಿ ಐವರ್‌ಮೆಕ್ಟಿನ್ ಅಥವಾ ಫೆನ್‌ಬೆಂಡಜೋಲ್ ಆಗಿದ್ದರೆ, ಅಳತೆ ಸರಿ ಇದ್ದರೆ, ಗಬ್ಬಕ್ಕೆ ಏನೂ ಆಗುವುದಿಲ್ಲ. ಮರಿ ಹಾಕುವ ದಿನದ ಆಸುಪಾಸಿನಲ್ಲಿ ತಾಯಿಗೆ ಐವರ್‌ಮೆಕ್ಟಿನ್ ಕೊಡುವ ಪದ್ಧತಿಯೇ ಇದೆ, ಹಾಲಿನ ಮೂಲಕ ಮರಿಗೆ ಹೋಗುವ ಒಂದು ಹುಳ ತಡೆಯಲು. ಮಗಳ ಸವಾರಿಯೂ ಸರಿಯೇ. ಏಳೆಂಟು ತಿಂಗಳವರೆಗೆ ಹಗುರ ಸವಾರಿ ಕುದುರೆಗೆ ಒಳ್ಳೆಯದೇ. ಹೋದ ತಿಂಗಳು ಸ್ವಲ್ಪ ತಡವಾಯಿತು ಅನ್ನಬಹುದು, ಪರವಾಗಿಲ್ಲ. ಈಗ ಸವಾರಿ ಪೂರ್ತಿ ಬಂದ್. ಆದರೆ ಕಟ್ಟಿಯೇ ನಿಲ್ಲಿಸಬೇಡಿ, ಕಾಲು ಊದುತ್ತದೆ. ದಿನಾ ತೋಟದಲ್ಲಿ ಬಿಡಿ, ಅದರಷ್ಟಕ್ಕೆ ಓಡಾಡಿಕೊಂಡಿರಲಿ. ಬೇರೆ ಊರಿನ ಕುದುರೆಗಳನ್ನು ಹತ್ತಿರ ಸೇರಿಸಬೇಡಿ. ಗಬ್ಬ ಇಳಿಸುವ ಒಂದು ವೈರಸ್ ಮೂಗಿನ ಉಸಿರಿನಲ್ಲೇ ಹರಡುತ್ತದೆ.

ಒಂದನ್ನು ಮಾತ್ರ ಮುಂದೂಡಬೇಡಿ: ಧನುರ್ವಾಯು ಚುಚ್ಚುಮದ್ದು. ನಾವು ಸಾಕುವ ಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಬೇಗ ಸಿಗುವುದು ಇನ್ನೊಂದಿಲ್ಲ. ಅದರ ಬೀಜ ಲದ್ದಿಯಲ್ಲಿ, ಮಣ್ಣಿನಲ್ಲಿ ಎಲ್ಲ ಕಡೆ ಇರುತ್ತದೆ. ಮುಂಚೆ ಚುಚ್ಚುಮದ್ದು ಆಗಿದ್ದರೆ, ಮರಿ ಹಾಕುವ ನಾಲ್ಕರಿಂದ ಆರು ವಾರ ಮೊದಲು ಒಂದು ಡೋಸ್ ಕೊಟ್ಟರೆ ಗಿಣ್ಣು ಹಾಲಿನಲ್ಲೇ ಮರಿಗೂ ರಕ್ಷಣೆ ಹೋಗುತ್ತದೆ. ಗೊತ್ತಿಲ್ಲದಿದ್ದರೆ ಮೊದಲ ಡೋಸ್ ಇವತ್ತು, ಎರಡನೆಯದು ನಾಲ್ಕು ವಾರಕ್ಕೆ. ಅಷ್ಟರಲ್ಲಿ ಮರಿ ಬಂದುಬಿಟ್ಟರೆ, ಹುಟ್ಟಿದ ದಿನವೇ ಮರಿಗೆ ಧನುರ್ವಾಯು ತಡೆಯುವ ಸೀರಂ ಸೂಜಿ ಬೇರೆ ಹಾಕಿಸಬೇಕಾಗುತ್ತದೆ. ಡಾಕ್ಟರಿಗೆ ಈಗಲೇ ಹೇಳಿ ತರಿಸಿಡಿ.

ಮೇವಿನ ವಿಷಯಕ್ಕೆ ಬರೋಣ, ಇಲ್ಲಿ ಹೇಳುವುದು ಜಾಸ್ತಿ ಇದೆ. ನಿಮ್ಮ ಕೊಟ್ಟಿಗೆಯಲ್ಲಿ ಹಸುವಿನ ಫೀಡ್ ಮೂಟೆ ಇದ್ದೇ ಇರುತ್ತದೆ. ಅದನ್ನು ಕುದುರೆಗೆ ಹಾಕಬೇಡಿ. ಕೋಳಿ ಫೀಡ್ ಅಂತೂ ಹತ್ತಿರವೂ ಸುಳಿಯಬಾರದು. ಕೆಲವು ಫೀಡ್‌ಗಳಲ್ಲಿ ಮೊನೆನ್ಸಿನ್ ಅನ್ನೋ ಔಷಧಿ ಬೆರೆಸಿರುತ್ತಾರೆ. ಹಸುವಿಗೆ, ಕೋಳಿಗೆ ಅದು ಒಳ್ಳೆಯದು. ಕುದುರೆಗೆ ಸ್ವಲ್ಪವೇ ಹೋದರೂ ಹೃದಯ ನಿಂತುಹೋಗುತ್ತದೆ. ಹಾಗೆಯೇ ಹಸುವಿನ ಉಣ್ಣೆಗೆ ಸಿಂಪಡಿಸುವ ಅಮಿಟ್ರಾಜ್ ಔಷಧಿ. ಕುದುರೆಗೆ ಹಾಕಿದರೆ ಕರುಳು ನಿಂತು ಹೊಟ್ಟೆನೋವು ಬರುತ್ತದೆ. ಬಾಟಲಿಯ ಮೇಲೆ ಹೆಸರು ಓದಿ.

ಹಸಿ ಜೋಳದ ಕಡ್ಡಿಯೂ ಬೇಡ. ಹಸುವಿಗೆ ಕೊಡುವ ಮೇವಿನ ಜೋಳ, ಸುಡಾನ್ ಹುಲ್ಲು ಇವನ್ನು ದಿನಾ ತಿಂದ ಕುದುರೆಗೆ ಹಿಂಗಾಲು ತಡವರಿಸುತ್ತದೆ, ಮೂತ್ರಕೋಶ ಸಡಿಲವಾಗುತ್ತದೆ. ಗಬ್ಬದಲ್ಲಿ ತಿಂದರೆ ಮರಿಯ ಕಾಲು ಸೊಟ್ಟ ಹುಟ್ಟಿದ್ದೂ ಇದೆ. ಬೂಸು ಹಿಡಿದ ಮೆಕ್ಕೆಜೋಳ ಕುದುರೆಯ ಮೆದುಳನ್ನೇ ಹಾಳುಮಾಡುತ್ತದೆ. ಹಸುವಿಗೆ ಈ ತೊಂದರೆಗಳು ಹೀಗೆ ಕಾಣುವುದಿಲ್ಲ, ಕುದುರೆಗೆ ಆ ಹೊಟ್ಟೆ ಇಲ್ಲ.

ಹಾಗಾದರೆ ಏನು ಹಾಕೋದು? ಮೊದಲು ತೂಕ ತಿಳಿದುಕೊಳ್ಳಿ. ಟೈಲರ್ ಟೇಪಿನಲ್ಲಿ ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ಮೊನೆಯಿಂದ ಹಿಂಭಾಗದ ತುದಿಯವರೆಗೆ ಉದ್ದ ತೆಗೆಯಿರಿ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 165, ಉದ್ದ 150 ಬಂದರೆ ಸುಮಾರು 344 ಕೆಜಿ. ಅದರ ನೂರಕ್ಕೆ ಎರಡು, ಅಂದರೆ ಏಳು ಕೆಜಿಯಷ್ಟು ಒಣ ಲೆಕ್ಕದ ಮೇವು ದಿನಕ್ಕೆ ಬೇಕು. ರಾಗಿ ಹುಲ್ಲು ಒಳ್ಳೆಯದು, ಭತ್ತದ ಹುಲ್ಲಿಗಿಂತ ಎಷ್ಟೋ ವಾಸಿ. ಅದರ ಜೊತೆ ಲೂಸರ್ನ್ ಸೊಪ್ಪು ಸಿಕ್ಕಿದರೆ ಬಿಡಬೇಡಿ. ನಮ್ಮ ಜನ ಅದಕ್ಕೆ ಸುಮ್ನೆ ಕುದುರೆ ಮಸಾಲೆ ಅಂತ ಹೆಸರಿಟ್ಟಿಲ್ಲ. ಗಬ್ಬದ ಕುದುರೆಗೆ ಬೇಕಾದ ಸುಣ್ಣದ ಅಂಶ, ಪ್ರೋಟೀನು ಎರಡೂ ಅದರಲ್ಲಿದೆ. ಬೇಯಿಸಿದ ಹುರುಳಿ ನಮ್ಮ ಕಡೆಯ ಹಳೇ ಪದ್ಧತಿ, ಅದೂ ಸರಿಯೇ. ಒಂದು, ಒಂದೂವರೆ ಕೆಜಿಯನ್ನು ಎರಡು ಮೂರು ಹೊತ್ತಿಗೆ ಹಂಚಿ. ಹೊಸದು ಏನೇ ಇದ್ದರೂ ಹತ್ತು ದಿನ ಹಿಡಿದು ಸ್ವಲ್ಪ ಸ್ವಲ್ಪವೇ ಸೇರಿಸಿ. ಗಬ್ಬ ಅಂತ ಗೊತ್ತಾದ ಖುಷಿಗೆ ಒಂದೇ ದಿನ ಬಕೆಟ್ ತುಂಬ ಹುರುಳಿ ಸುರಿದು ಹೊಟ್ಟೆನೋವು ತರಿಸಿದವರನ್ನು ನೋಡಿದ್ದೇನೆ.

ಗೋಧಿ ಬೂಸಾ ಜಾಸ್ತಿ ಹಾಕಬೇಡಿ. ಅದರಲ್ಲಿ ರಂಜಕ ಜಾಸ್ತಿ, ಸುಣ್ಣ ಕಡಿಮೆ. ಬರೀ ಬೂಸಾ ತಿಂದ ಕುದುರೆಯ ಮೂಳೆಯಿಂದ ಸುಣ್ಣ ಕರಗಿ ಮುಖವೇ ಊದಿಕೊಳ್ಳುತ್ತದೆ. ನೇಪಿಯರ್ ಹುಲ್ಲೂ ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದೊಂದೇ ಹಾಕುತ್ತಿದ್ದರೆ ಕುದುರೆ ಮಸಾಲೆಯನ್ನೋ ಖನಿಜ ಮಿಶ್ರಣವನ್ನೋ ಸೇರಿಸಲೇಬೇಕು. ಉಪ್ಪಿನ ಗಡ್ಡೆ ಒಂದು ನೇತುಹಾಕಿ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬೇಕು. ಅಷ್ಟು ಮೈ ಇದ್ದರೆ ಸಾಕು.

ಈಗ ಜಾಗ. 14 ಅಡಿಗೆ 14 ಅಡಿ ಇರುವ, ಮೊಳೆ ತಂತಿ ಚಾಚಿಕೊಂಡಿರದ ಒಂದು ಲಾಯ ಬೇಕು. ಬೂದಿ ಅಥವಾ ಸುಣ್ಣದ ನೀರು ಹಾಕಿ ತೊಳೆದು ಒಣಗಿಸಿ, ದಪ್ಪಗೆ ಸ್ವಚ್ಛ ಹುಲ್ಲು ಹಾಸಿ. ಮರದ ಹೊಟ್ಟು ಬೇಡ, ಒದ್ದೆ ಮರಿಯ ಮೂಗಿಗೆ ಅಂಟುತ್ತದೆ. ಮುಖ್ಯವಾದ ಮಾತು: ಕಟ್ಟಬೇಡಿ. ಜಾತ್ರೆಯಿಂದ ಬಂದ ಕುದುರೆಗಳನ್ನು ಕುತ್ತಿಗೆಗೊಂದು, ಹಿಂಗಾಲಿಗೊಂದು ಹಗ್ಗ ಹಾಕಿ ನಿಲ್ಲಿಸುವ ರೂಢಿ ಇದೆ. ಮರಿ ಹಾಕುವ ಕುದುರೆ ಮಲಗಬೇಕು, ಹೊರಳಬೇಕು, ಏಳಬೇಕು. ಹಗ್ಗದಲ್ಲಿ ಸಿಕ್ಕಿ ಮರಿ ಸತ್ತಿದ್ದನ್ನು ನಾನೇ ಕಂಡಿದ್ದೇನೆ. ಒಂದು ವಾರ ಮುಂಚೆಯೇ ಆ ಲಾಯಕ್ಕೆ ಬಿಡಿ, ಒಗ್ಗಿಕೊಳ್ಳಲಿ.

ಒಂದು ನೋಟ್ ಪುಸ್ತಕ ಇಡಿ. ದಿನಾ ಸಂಜೆ ಒಂದೇ ಹೊತ್ತಿಗೆ ಕೆಚ್ಚಲು ನೋಡಿ ಬರೆಯಿರಿ. ಮೊದಮೊದಲು ರಾತ್ರಿ ತುಂಬಿ ಹಗಲು ಓಡಾಡಿದ ಮೇಲೆ ಇಳಿಯುತ್ತದೆ. ಆಮೇಲೆ ಇಳಿಯುವುದು ನಿಲ್ಲುತ್ತದೆ. ಮರಿ ಹಾಕುವ ನಾಲ್ಕೈದು ದಿನ ಮುಂಚೆ ಮೊಲೆತೊಟ್ಟು ತುಂಬುತ್ತದೆ. ಬಾಲದ ಬುಡದ ಎರಡೂ ಪಕ್ಕ ಮೆತ್ತಗಾಗಿ ಹಳ್ಳ ಬೀಳುತ್ತದೆ. ಕೊನೆಯ ಒಂದೆರಡು ದಿನ ತೊಟ್ಟಿನ ತುದಿಯಲ್ಲಿ ಜೇನುಮೇಣದ ಹನಿಯಂಥದ್ದು ಕಟ್ಟುತ್ತದೆ. ಇದನ್ನೆಲ್ಲ ಪುಸ್ತಕ ಓದಿದಂತೆ ತೋರಿಸುವ ಕುದುರೆಯೂ ಇದೆ, ಏನೂ ತೋರಿಸದೆ ಬೆಳಗಾಗುವಷ್ಟರಲ್ಲಿ ಮರಿ ನಿಲ್ಲಿಸಿಕೊಂಡಿರುವ ಕುದುರೆಯೂ ಇದೆ. ನಾನು ನಂಬುವುದು ಪಿಎಚ್ ಪೇಪರನ್ನು, ಅಂದರೆ ಹುಳಿ ಎಷ್ಟಿದೆ ಅಂತ ಬಣ್ಣ ಬದಲಿಸಿ ತೋರಿಸುವ ಕಾಗದವನ್ನು. ಕೆಚ್ಚಲು ತುಂಬಿದ ಮೇಲೆ ಸಂಜೆ ಎರಡು ಹನಿ ಹಾಲು ಹಿಂಡಿ ಪೇಪರಿಗೆ ಹಚ್ಚಿ. 7ರ ಮೇಲಿದ್ದರೆ ಆ ರಾತ್ರಿ ಬಹುಮಟ್ಟಿಗೆ ನಿದ್ದೆ ಮಾಡಬಹುದು. 6.4ಕ್ಕೋ ಅದಕ್ಕಿಂತ ಕೆಳಗೋ ಇಳಿದಿದ್ದರೆ ಕಂಬಳಿ ತಂದು ಲಾಯದ ಹತ್ತಿರ ಮಲಗಿ. ಎರಡು ಹನಿಗಿಂತ ಜಾಸ್ತಿ ಹಿಂಡಬೇಡಿ, ಅದು ಮರಿಯ ಗಿಣ್ಣು. ಮರಿ ಹಾಕುವ ಮೊದಲೇ ಹಾಲು ತಾನಾಗಿ ಸೋರಿಹೋಗುತ್ತಿದ್ದರೆ ಮಾತ್ರ ಸ್ವಚ್ಛ ಪಾತ್ರೆಯಲ್ಲಿ ಹಿಡಿದು ಫ್ರೀಜರಿನಲ್ಲಿಡಿ, ಡಾಕ್ಟರಿಗೆ ಹೇಳಿ.

ಬಹುತೇಕ ಕುದುರೆಗಳು ಮರಿ ಹಾಕುವುದು ರಾತ್ರಿಯೇ. ಜನ ಸುತ್ತ ನಿಂತು ಗಲಾಟೆ ಮಾಡಿದರೆ ಸ್ವಲ್ಪ ಹೊತ್ತು ತಡೆಹಿಡಿಯುವ ಶಕ್ತಿಯೂ ಅದಕ್ಕಿದೆ. ಟೀ ಕುಡಿಯಲು ಹೋದಾಗ ಹಾಕಿಬಿಡುತ್ತದೆ. ಹಳೇ ಮೊಬೈಲೊಂದನ್ನು ಲಾಯದಲ್ಲಿ ಕಟ್ಟಿ ದೂರದಿಂದ ವಿಡಿಯೋದಲ್ಲಿ ನೋಡುವುದು ಒಳ್ಳೆಯ ಉಪಾಯ. ಊರವರನ್ನೆಲ್ಲ ಕರೆಯಬೇಡಿ.

ಶುರುವಿನಲ್ಲಿ ಹೊಟ್ಟೆನೋವು ಬಂದ ಹಾಗೇ ಕಾಣುತ್ತದೆ. ಬೆವರುತ್ತದೆ, ಪಕ್ಕೆ ತಿರುಗಿ ನೋಡುತ್ತದೆ, ಮಲಗಿ ಏಳುತ್ತದೆ. ಒಂದರಿಂದ ನಾಲ್ಕು ಗಂಟೆ ಹೀಗೇ ಇರಬಹುದು. ಬಾಲಕ್ಕೆ ಬಟ್ಟೆ ಸುತ್ತಿ, ಹಿಂಭಾಗ ಸೋಪು ನೀರಿನಲ್ಲಿ ತೊಳೆದು ಹೊರಗೆ ಬನ್ನಿ. ಆಮೇಲೆ ನೀರು ಚೀಲ ಒಡೆದು ಬಕೆಟ್ ಸುರಿದಂತೆ ನೀರು ಬರುತ್ತದೆ. ಆ ಕ್ಷಣ ಗಡಿಯಾರ ನೋಡಿ, ಬರೆದುಕೊಳ್ಳಿ.

ಹಸು ಇಲ್ಲಿಂದ ಒಂದೆರಡು ಗಂಟೆ ತೆಗೆದುಕೊಂಡರೂ ನೀವು ಗಾಬರಿ ಆಗುವುದಿಲ್ಲ. ಕುದುರೆಗೆ ಇರುವುದು ಇಪ್ಪತ್ತರಿಂದ ಮೂವತ್ತು ನಿಮಿಷ. ಅದರ ಮುಕ್ಕುವ ಶಕ್ತಿ ಭಯಂಕರ, ಮಾಸು (ಹಸುವಿನಲ್ಲಿ ನೀವು ಕಸ ಅನ್ನುವುದು) ಬೇಗ ಬಿಡಿಸಿಕೊಳ್ಳುತ್ತದೆ, ಮರಿಗೆ ಉಸಿರು ಬೇಗ ನಿಲ್ಲುತ್ತದೆ. ಹತ್ತು ನಿಮಿಷವಾದರೂ ಕಾಲು ಕಾಣದಿದ್ದರೆ ಆಗಲೇ ಫೋನ್ ಮಾಡಬೇಕು. ಒಂದು ಮನೆಯಲ್ಲಿ ಎರಡೂವರೆ ಗಂಟೆ ಕಾದು ನನಗೆ ಕರೆ ಮಾಡಿದರು. ಐವತ್ತು ಕರು ಹಾಕಿಸಿದ ಹಿರಿಯರು ಪಕ್ಕದಲ್ಲೇ ಕೂತಿದ್ದರು. "ಇನ್ನೂ ಹೊತ್ತಿದೆ" ಅಂದಿದ್ದರಂತೆ. ನಾನು ಹೋಗಿ ತಾಯಿಯನ್ನಷ್ಟೇ ಉಳಿಸಿದೆ.

ಮೊದಲು ಕಾಣಬೇಕಾದದ್ದು ಬಿಳಿಯ, ಮಿರುಗುವ, ತೆಳು ಪೊರೆ. ಅದರೊಳಗೆ ಒಂದು ಮುಂಗಾಲು, ಸ್ವಲ್ಪ ಹಿಂದೆ ಇನ್ನೊಂದು, ಮಂಡಿಯ ಮೇಲೆ ಮೂಗು. ಬಾವಿಗೆ ಧುಮುಕುವ ಹುಡುಗನ ಹಾಗೆ. ಗೊರಸಿನ ಅಡಿ ನೆಲದ ಕಡೆ ಇರಬೇಕು. ಅಡಿ ಮೇಲಕ್ಕಿದ್ದರೆ, ಒಂದೇ ಕಾಲಿದ್ದರೆ, ಮೂಗಿದ್ದು ಕಾಲಿಲ್ಲದಿದ್ದರೆ ಎಳೆಯಬೇಡಿ. ಕುದುರೆಯನ್ನು ಎಬ್ಬಿಸಿ ನಡೆಸುತ್ತಿರಿ, ನಡೆಯುವಾಗ ಮುಕ್ಕುವುದು ಕಡಿಮೆಯಾಗುತ್ತದೆ. ಅಷ್ಟರಲ್ಲಿ ಡಾಕ್ಟರ್ ಬರಲಿ. ಎಲ್ಲ ಸರಿ ಇದ್ದರೆ ಸುಮ್ನೆ ಕೂತಿರಿ. ಎಳೆಯಲೇಬೇಕಾಗಿ ಬಂದರೆ ಅದು ಮುಕ್ಕಿದಾಗ ಮಾತ್ರ, ಹಿಂಗಾಲಿನ ಮಂಡಿಯ ಕಡೆಗೆ ಕೆಳಮುಖವಾಗಿ, ಬರಿಗೈಯಲ್ಲಿ. ಹಗ್ಗ ಕಟ್ಟಿ ನಾಲ್ಕು ಜನ ಎಳೆಯುವುದು ಕೊಟ್ಟಿಗೆಯ ಕಡೆಯೇ ಇರಲಿ. ಬೇಗ ಆಗಲಿ ಅಂತ ಆಕ್ಸಿಟೋಸಿನ್ ಸೂಜಿ ಹಾಕಿಸಬೇಡಿ.

ಒಂದೇ ಒಂದು ಸಂದರ್ಭದಲ್ಲಿ ನೀವು ಡಾಕ್ಟರಿಗೆ ಕಾಯಬಾರದು. ಬಿಳಿ ಪೊರೆಯ ಬದಲು ಕೆಂಪು ಮಖಮಲ್ಲಿನಂಥ ದಪ್ಪ ಚೀಲ ಹೊರಗೆ ಬಂದರೆ, ಮಾಸು ಮರಿಗಿಂತ ಮುಂಚೆ ಬಿಟ್ಟುಕೊಂಡಿದೆ ಅಂತ ಅರ್ಥ. ಒಳಗೆ ಮರಿಗೆ ಉಸಿರಿಲ್ಲ. ತಕ್ಷಣ ಕತ್ತರಿಯಲ್ಲಿ ಆ ಚೀಲ ಸೀಳಿ, ಒಳಗಿನ ಬಿಳಿ ಪೊರೆ ಹರಿದು, ಕಾಲು ಹಿಡಿದು ಮರಿ ತೆಗೆಯಿರಿ. ಅದಕ್ಕೇ ಒಂದು ಸ್ವಚ್ಛ ಕತ್ತರಿ ಲಾಯದ ಗೋಡೆಗೆ ದಾರದಲ್ಲಿ ಕಟ್ಟಿ ನೇತುಹಾಕಿರಿ. ಹುಡುಕುವ ಹೊತ್ತು ಇರುವುದಿಲ್ಲ.

ಮರಿ ಬಿದ್ದ ಮೇಲೆ ಮೂಗಿನ ಪೊರೆ ತೆಗೆದು ಹಿಂದೆ ಸರಿಯಿರಿ. ಹೊಕ್ಕುಳ ಬಳ್ಳಿ ಕತ್ತರಿಸಬೇಡಿ. ತಾಯಿ ಎದ್ದಾಗಲೋ ಮರಿ ಒದ್ದಾಡಿದಾಗಲೋ ತಾನಾಗಿ ಹರಿಯುತ್ತದೆ. ಆಮೇಲೆ ಬುಡವನ್ನು ತೆಳು ಮಾಡಿದ ಪೊವಿಡೋನ್ ಅಯೋಡಿನ್ ಅಥವಾ ಕ್ಲೋರ್‌ಹೆಕ್ಸಿಡಿನ್‌ನಲ್ಲಿ ಅದ್ದಿ, ಮೊದಲ ದಿನ ಮೂರು ನಾಲ್ಕು ಸಲ. ಗೊರಸಿನ ತುದಿಯಲ್ಲಿ ಬಿಳಿ ಬೆರಳುಗಳಂಥ ಮೆತ್ತನೆಯ ಎಳೆಗಳು ಜೋತಾಡುತ್ತಿರುತ್ತವೆ. ನೋಡಿದವರು ಹೌಹಾರಿ ನನಗೆ ಫೋಟೋ ಕಳಿಸುತ್ತಾರೆ. ತಾಯಿಯ ಗರ್ಭಕೋಶ ಗೊರಸಿನಿಂದ ಹರಿಯದಿರಲಿ ಅಂತ ಇರುವ ಹೊದಿಕೆ ಅದು. ಮರಿ ನಡೆದಾಡಿದ ಹಾಗೆ ಸವೆದು ಹೋಗುತ್ತದೆ.

ಇನ್ನು ಒಂದು, ಎರಡು, ಮೂರು ನೆನಪಿಡಿ. ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ಮಾಸು ಬೀಳಬೇಕು.

ಕೊನೆಯದು ಹಸುವಿನ ಲೆಕ್ಕಕ್ಕೆ ಪೂರ್ತಿ ಉಲ್ಟಾ. ಹಸುವಿಗೆ ಕಸ ಬೀಳಲು ಹನ್ನೆರಡು ಗಂಟೆ ಕಾಯುತ್ತೀರಿ, ಬೆಳಗ್ಗೆ ನೋಡೋಣ ಅಂತ ಮಲಗುತ್ತೀರಿ. ಕುದುರೆಯಲ್ಲಿ ಮೂರು ಗಂಟೆ ದಾಟಿದರೆ ಡಾಕ್ಟರ್ ಬರಲೇಬೇಕು. ಒಳಗೆ ಅಂಗೈಯಗಲ ತುಂಡು ಉಳಿದರೂ ನಂಜಾಗಿ, ಆ ನಂಜು ಗೊರಸಿಗೆ ಇಳಿದು, ಕುದುರೆ ಜೀವನಪೂರ್ತಿ ಕುಂಟುತ್ತದೆ ಅಥವಾ ಸಾಯುತ್ತದೆ. ಜೋತಾಡುವ ಮಾಸನ್ನು ಎಳೆಯಬೇಡಿ, ಕಲ್ಲು ಕಟ್ಟಬೇಡಿ, ಕತ್ತರಿಸಬೇಡಿ. ತುಳಿಯದ ಹಾಗೆ ಮಡಚಿ ಮೊಣಕಾಲಿನ ಮೇಲಕ್ಕೆ ಗಂಟು ಹಾಕಿಡಿ. ಬಿದ್ದ ಮೇಲೆ ಬಕೆಟ್ಟಿನಲ್ಲಿಟ್ಟು ಮುಚ್ಚಿ, ನಾಯಿ ಒಯ್ಯದಿರಲಿ. ಡಾಕ್ಟರ್ ಅದನ್ನು ನೆಲದ ಮೇಲೆ ಪ್ಯಾಂಟಿನ ಹಾಗೆ ಹರಡಿ ಎರಡು ಕಾಲೂ ತುದಿಯವರೆಗೆ ಇವೆಯಾ ನೋಡುತ್ತಾರೆ. ಮರಿ ಇಲ್ಲದ ಕಡೆಯ ಕಾಲಿನ ತುದಿಯೇ ಒಳಗೆ ಉಳಿಯುವುದು ಜಾಸ್ತಿ. ಅದರ ಜೊತೆ ಪಿತ್ತಜನಕಾಂಗದ ಚೂರಿನ ಹಾಗೆ ಕಂದು ಬಣ್ಣದ ರಬ್ಬರಿನಂಥ ತುಂಡೊಂದು ಸಿಕ್ಕಿದರೆ ಹೆದರಬೇಡಿ, ಅದು ಎಲ್ಲ ಕುದುರೆಗಳಲ್ಲೂ ಇರುತ್ತದೆ.

ಗಿಣ್ಣು ಹಾಲಿನ ವಿಷಯದಲ್ಲಿ ನಿಮ್ಮ ಹಸುವಿನ ಅನುಭವ ಪೂರ್ತಿ ಕೆಲಸಕ್ಕೆ ಬರುತ್ತದೆ. ಕರುವಿನ ಹಾಗೇ ಕುದುರೆ ಮರಿಯೂ ರೋಗ ತಡೆಯುವ ಶಕ್ತಿ ಇಲ್ಲದೆ ಹುಟ್ಟುತ್ತದೆ, ಗಿಣ್ಣಿನಿಂದಲೇ ಪಡೆಯಬೇಕು. ಮೊದಲ ಆರೇಳು ಗಂಟೆ ಕರುಳು ಚೆನ್ನಾಗಿ ಹೀರುತ್ತದೆ, ಒಂದು ದಿನದ ಹೊತ್ತಿಗೆ ಬಾಗಿಲು ಮುಚ್ಚುತ್ತದೆ. ಅಷ್ಟರೊಳಗೆ ಒಂದೆರಡು ಲೀಟರಾದರೂ ಒಳಗೆ ಹೋಗಿರಬೇಕು. ಮಾರನೇ ದಿನ ಡಾಕ್ಟರ್ ಮರಿಯ ರಕ್ತ ತೆಗೆದು ಆ ಶಕ್ತಿ ಬಂದಿದೆಯಾ ನೋಡಲಿ. ಮೊದಲ ಸಲದ ತಾಯಿಗೆ ಕೆಚ್ಚಲು ಮುಟ್ಟಿದರೆ ಕಚಗುಳಿ, ಒದೆಯಬಹುದು. ಒಬ್ಬರು ತಲೆ ಹಿಡಿದು ನಿಂತರೆ ಸಾಕು, ಎರಡು ಸಲ ಕುಡಿದ ಮೇಲೆ ಸರಿಹೋಗುತ್ತದೆ.

ಮೊದಲ ಲದ್ದಿ ಕಪ್ಪಗೆ, ಗಟ್ಟಿಯಾಗಿ ಒಂದು ದಿನದೊಳಗೆ ಬೀಳಬೇಕು. ಮರಿ ಬಾಲ ಎತ್ತಿ ಮುಕ್ಕುತ್ತಾ ಹಾಲು ಬಿಟ್ಟರೆ, ಕಣ್ಣು ಹಳದಿಯಾದರೆ, ಕುಡಿಯುತ್ತಿದ್ದ ಮರಿ ಸುಮ್ಮನೆ ಮಲಗಿ ತಾಯಿಯ ಕೆಚ್ಚಲಿನಿಂದ ಹಾಲು ಸೋರುತ್ತಿದ್ದರೆ, ಆ ದಿನವೇ ತೋರಿಸಿ. ಎಳೇ ಮರಿ ಬೆಳಗ್ಗೆ ಮಂಕಾಗಿ ಸಂಜೆಗೆ ಹೋಗಿಬಿಡುತ್ತದೆ. ಒಂದು ವಾರ ಕಳೆದ ಮೇಲೆ ತಾಯಿ ಮತ್ತೆ ಬೆದೆಗೆ ಬರುತ್ತದೆ, ಅದೇ ಹೊತ್ತಿಗೆ ಮರಿಗೆ ಸ್ವಲ್ಪ ಭೇದಿ ಆಗುವುದು ಸಾಮಾನ್ಯ. ಚೆನ್ನಾಗಿ ಕುಡಿದು ಕುಣಿಯುತ್ತಿದ್ದರೆ ಚಿಂತೆ ಇಲ್ಲ. ಆ ಬೆದೆಗೆ ಗಂಡು ಬಿಡಬೇಡಿ, ಇನ್ನೊಂದು ಅಚ್ಚರಿ ನಿಮಗೆ ಸದ್ಯಕ್ಕೆ ಬೇಡ.

ಹಾಲು ಕುಡಿಸುವ ಎರಡು ಮೂರು ತಿಂಗಳು ತಾಯಿಗೆ ಗಬ್ಬದಲ್ಲಿದ್ದಾಗಿನದಕ್ಕಿಂತ ಜಾಸ್ತಿ ಮೇವು, ನೀರು ಬೇಕು. ಮರಿಯನ್ನು ಐದಾರು ತಿಂಗಳಿಗೆ ಬಿಡಿಸಬಹುದು.

ಮಗಳ ಸವಾರಿ ಯಾವಾಗ ಅಂತ ನೀವು ಕೇಳಿಲ್ಲ, ಅವಳು ಕೇಳಿಯೇ ಕೇಳುತ್ತಾಳೆ. ಮರಿಗೆ ಮೂರು ತಿಂಗಳಾದ ಮೇಲೆ ಹಗುರ ಸವಾರಿ ಶುರು ಮಾಡಬಹುದು, ಮರಿ ಹಿಂದೆ ಹಿಂದೆ ಬರುತ್ತದೆ. ಮೊದಲ ವಾರ ಮಾತ್ರ ಅವಳನ್ನು ಒಂಟಿಯಾಗಿ ಲಾಯಕ್ಕೆ ಬಿಡಬೇಡಿ. ನಿನ್ನೆಯವರೆಗೆ ಕೈಯಿಂದ ಬೆಲ್ಲ ತಿಂದ ಕುದುರೆ ಮರಿಯ ಮೇಲಿನ ಮಮತೆಗೆ ಕಚ್ಚಬಹುದು, ಒದೆಯಬಹುದು. ಅಲ್ಲಿಯವರೆಗೆ ಆ ನೋಟ್ ಪುಸ್ತಕ ಅವಳ ಕೈಗೇ ಕೊಡಿ. ಕೆಚ್ಚಲು, ಪಿಎಚ್, ನೀರು ಒಡೆದ ಹೊತ್ತು, ಮರಿ ನಿಂತ ಹೊತ್ತು, ಎಲ್ಲ ಅವಳೇ ಬರೆಯಲಿ. ಡಾಕ್ಟರ್ ಬಂದ ತಕ್ಷಣ ಕೇಳುವುದು ಅದನ್ನೇ.